ಮಾಗೋಡು ಕಣಿವೆಗೆ ಹೊರಟವರಿಗೆ: ಅಲ್ಲಿ ಬೀಳುವುದು ನಮ್ಮದೇ ಹೊಳೆ

ಉಣಕಲ್ ದಂಡೆ (ಹುಬ್ಬಳ್ಳಿ)

ದೀಪಾವಳಿ ರಜೆ ಹತ್ತಿರ ಬಂತು. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವಂಥ ಜಲಪಾತ ಯಾವುದು ಅಂತ ನಮ್ಮ ಈ ಚರ್ಚೆಯ ಗುಂಪಿನಲ್ಲಿ ತುಂಬಾ ಜನ ಕೇಳುತ್ತಿದ್ದೀರಿ. ಜೋಗಕ್ಕೆ ಹೋದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ. ಗೋಕಾಕ ಜಲಪಾತವನ್ನು ಘಟಪ್ರಭೆ ತುಂಬಿ ಕೆಂಪಾಗಿ ಹರಿಯುವಾಗ ನೋಡಬೇಕು. ಈ ಹೊತ್ತಿಗೆ, ಅಂದರೆ ಮಳೆ ನಿಂತು ಚಳಿ ಶುರುವಾಗುವ ಹೊತ್ತಿಗೆ, ನನ್ನ ಉತ್ತರ ಮಾಗೋಡು.

ದಾರಿ ಸುಲಭ. ಹುಬ್ಬಳ್ಳಿಯಿಂದ ಅಂಕೋಲಾ ಹೆದ್ದಾರಿ ಹಿಡಿದು ಕಲಘಟಗಿ, ಕಿರವತ್ತಿ ದಾಟಿದರೆ ಯಲ್ಲಾಪುರ, ಸುಮಾರು 70 ಕಿ.ಮೀ. ಅಲ್ಲಿಂದ ಮಾಗೋಡಿಗೆ ಇನ್ನೊಂದು 18-20 ಕಿ.ಮೀ. ಕಾಡು, ಅಡಿಕೆ ತೋಟ, ಮತ್ತೆ ಕಾಡು. ಮಾಗೋಡು ನೋಡಿ, ಹತ್ತಿರದಲ್ಲೇ ಇರುವ ಜೇನುಕಲ್ಲು ಗುಡ್ಡದಲ್ಲಿ ಸಂಜೆ ಸೂರ್ಯ ಮುಳುಗುವುದನ್ನು ನೋಡಿ ವಾಪಸ್ ಹೊರಡಬಹುದು.

ಮಾಗೋಡಿನಲ್ಲಿ ನಾವು ನಿಲ್ಲುವ ಜಾಗ ಜಲಪಾತಕ್ಕೆ ಎದುರು, ಕಣಿವೆಯ ಈಚೆ ದಡ. ಹೊಳೆ ಒಂದೇ ಸಲಕ್ಕೆ ಕೆಳಗೆ ಬೀಳುವುದಿಲ್ಲ. ಮೊದಲು ಬಂಡೆಯ ಮೇಲಿಂದ ಒಂದು ಹಾರು ಹಾರಿ ನಡುವೆ ಎಲ್ಲೋ ಅಡಗುತ್ತದೆ. ಆಮೇಲೆ ಇನ್ನೊಂದು ಸಂದಿಯಿಂದ ಹೊರಬಂದು ಮತ್ತೆ ಧುಮುಕುತ್ತದೆ. ಎರಡೂ ಸೇರಿ ಸುಮಾರು 200 ಮೀಟರ್. ಮೊದಲ ಸಲ ನೋಡುವವರು ಮೇಲಿನ ಬಿಳಿ ಗೆರೆ ನೋಡಿ "ಇಷ್ಟೇನಾ" ಅಂತಾರೆ. ಸ್ವಲ್ಪ ನಿಲ್ಲಿ. ಕೆಳಗೆ ಮರಗಳ ನಡುವೆ ಎರಡನೇ ಬೀಳು ಕಣ್ಣಿಗೆ ಸಿಕ್ಕಾಗ ಕಣಿವೆ ಎಷ್ಟು ಆಳ ಇದೆ ಅಂತ ಗೊತ್ತಾಗುತ್ತದೆ.

ಇಷ್ಟು ದಾರಿಯ ಮಾತು. ನಾನು ಇದನ್ನು ಬರೆಯಲು ಕೂತಿದ್ದು ಇನ್ನೊಂದು ಕಾರಣಕ್ಕೆ.

ನಮ್ಮ ಕಡೆಯವರು ಮಾಗೋಡನ್ನು ಯಾರದೋ ಊರಿನ ಜಲಪಾತ ಅಂತ ನೋಡಿ ಬರುತ್ತಾರೆ. ಅಲ್ಲಿ ಬೀಳುವ ನೀರು ಹೊರಡುವುದು ಎಲ್ಲಿಂದ ಗೊತ್ತಾ? ಒಂದು ಕವಲು ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲೆ. ಇನ್ನೊಂದು ಹುಬ್ಬಳ್ಳಿ ಕಡೆಯಿಂದ ಇಳಿಯುವ ಹಳ್ಳ. ಇವೆರಡೂ ಕಲಘಟಗಿ ಸೀಮೆಯಲ್ಲಿ ಕೂಡಿ ಬೇಡ್ತಿ ಹೊಳೆಯಾಗಿ ಯಲ್ಲಾಪುರದ ಕಾಡು ಹೊಗುತ್ತವೆ. ಮಾಗೋಡಿನಲ್ಲಿ ಘಟ್ಟ ಇಳಿದ ಮೇಲೆ ಅದೇ ಗಂಗಾವಳಿ. ಅಂಕೋಲಾ ತಾಲೂಕಿನ ಮಂಜಗುಣಿ ಹತ್ತಿರ ಸಮುದ್ರ ಸೇರುತ್ತದೆ.

ಇನ್ನೂ ಒಂದು. ಧುಮ್ಮವಾಡದ ಹತ್ತಿರ ನೀರಸಾಗರ ಕೆರೆ ಇದೆಯಲ್ಲ, 1950ರ ದಶಕದಲ್ಲಿ ಬೇಡ್ತಿ ಹಳ್ಳಕ್ಕೇ ಒಡ್ಡು ಹಾಕಿ ಕಟ್ಟಿದ್ದು. ಮಲಪ್ರಭೆಯ ನೀರು ಸವದತ್ತಿಯಿಂದ ಬರುವ ಮುಂಚೆ ಹುಬ್ಬಳ್ಳಿ ಬಹಳ ವರ್ಷ ಕುಡಿದದ್ದು ಈ ನೀರನ್ನು. ನಮ್ಮ ಅಜ್ಜ-ಅಜ್ಜಿ ಕುಡಿದ ಹೊಳೆ ಅಲ್ಲಿ 200 ಮೀಟರ್ ಕೆಳಗೆ ಬೀಳುತ್ತಿದೆ. ಅದನ್ನು ನೋಡಲು ಹೋದಾಗ ಹೇಗೆ ನಡೆದುಕೊಳ್ಳಬೇಕು, ಇಲ್ಲಿ ಊರಲ್ಲಿದ್ದಾಗ ಅದಕ್ಕೆ ಏನು ಮಾಡುತ್ತಿದ್ದೇವೆ, ಎರಡನ್ನೂ ಮಾತಾಡೋಣ ಅಂತ ನನ್ನ ಆಸೆ. ಹೋಗಿ ಬಂದವರು ಬರೆಯಿರಿ.

ಕಲಘಟಗಿ ತೊಟ್ಟಿಲು

ಅಣ್ಣಾರ, ಒಳ್ಳೆ ವಿಷಯ ತೆಗೆದಿರಿ. ನಮ್ಮ ಅತ್ತೆಯವರಿಗೆ ಮಂಡಿ ನೋವು. ಎಪ್ಪತ್ತು ದಾಟಿದೆ. ಮೆಟ್ಟಿಲು ಜಾಸ್ತಿ ಇದ್ದರೆ ಅವರು ಗಾಡಿಯಲ್ಲೇ ಕೂತುಬಿಡುತ್ತಾರೆ. ಮಾಗೋಡಿಗೆ ಎಷ್ಟು ನಡೆಯಬೇಕು? ಜೇನುಕಲ್ಲು ಗುಡ್ಡ ಅಂದರೆ ಗುಡ್ಡ ಹತ್ತಬೇಕಾ? ಬುತ್ತಿ ಕಟ್ಟಿಕೊಂಡು ಹೋದರೆ ಎಲ್ಲಿ ಕೂರಬಹುದು?

ಉಣಕಲ್ ದಂಡೆ

ಅಕ್ಕಾರ, ಧೈರ್ಯವಾಗಿ ಕರೆದುಕೊಂಡು ಹೋಗಿ. ಗಾಡಿ ಹತ್ತಿರದ ತನಕ ಹೋಗುತ್ತದೆ. ಆಮೇಲೆ ಸ್ವಲ್ಪ ನಡಿಗೆ, ಒಂದಿಷ್ಟು ಮೆಟ್ಟಿಲು. ಕೈ ಹಿಡಿದುಕೊಂಡು ನಿಧಾನಕ್ಕೆ ಹೋದರೆ ಆಗುತ್ತದೆ. ಜೇನುಕಲ್ಲು ಗುಡ್ಡಕ್ಕೂ ಮೇಲಿನವರೆಗೆ ರಸ್ತೆ ಇದೆ, ಕೊನೆಗೆ ಸ್ವಲ್ಪ ಮಾತ್ರ ಕಾಲುದಾರಿ. ಬುತ್ತಿಗೆ ಕವಡಿಕೆರೆ ಒಳ್ಳೆಯದು, ಅದೂ ಯಲ್ಲಾಪುರದಿಂದ ಹೋಗುವ ದಾರಿಯ ಕಡೆಯೇ ಸಿಗುತ್ತದೆ. ದೊಡ್ಡ ಕೆರೆ, ದಂಡೆಯಲ್ಲಿ ದುರ್ಗಾಂಬಾ ಗುಡಿ, ಸುತ್ತ ಮರದ ನೆರಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿಕೊಂಡು ಕೂರಲು ಅದಕ್ಕಿಂತ ಚೆಂದದ ಜಾಗ ಆ ದಾರಿಯಲ್ಲಿ ನಾನು ಕಂಡಿಲ್ಲ.

ಕವಡಿಕೆರೆ ಕಡೆಯವಳು (ಯಲ್ಲಾಪುರ)

ನಮ್ಮ ಊರಿನ ಮಾತು ನಡೆಯುತ್ತಿದೆ, ಸುಮ್ನೆ ಓದಿ ಹೋಗಲು ಮನಸ್ಸಾಗಲಿಲ್ಲ. ಹುಟ್ಟಿದ್ದು ಇಲ್ಲೇ, ಈಗ ಕೆಲಸಕ್ಕೆ ಹುಬ್ಬಳ್ಳಿಯಲ್ಲಿದ್ದೇನೆ. ಬರುವವರಿಗೆ ಕೆಲವು ಮಾತು ಹೇಳಬೇಕು.

ಜುಲೈ, ಆಗಸ್ಟಿನಲ್ಲಿ ಬಂದರೆ ನೀರು ಭರ್ಜರಿ ಇರುತ್ತದೆ. ಆದರೆ ಕಾಣುವುದಿಲ್ಲ! ಕಣಿವೆ ತುಂಬ ಮಂಜು. ಸದ್ದು ಮಾತ್ರ ಕೇಳುತ್ತದೆ. ಪುಣ್ಯ ಇದ್ದರೆ ಒಂದೆರಡು ನಿಮಿಷ ಪರದೆ ಸರಿದಂತೆ ಮಂಜು ಸರಿಯುತ್ತದೆ, ಅಷ್ಟರಲ್ಲಿ ನೋಡಿಬಿಡಬೇಕು. ದೂರದಿಂದ ಮಕ್ಕಳನ್ನು ಕರೆದುಕೊಂಡು ಬಂದವರು ಎರಡು ತಾಸು ಕಾದು ಬೇಜಾರಿನಿಂದ ಹೋಗುವುದನ್ನು ನೋಡಿದ್ದೇವೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ನೀರೂ ಇರುತ್ತದೆ, ನೋಟವೂ ಸಿಗುತ್ತದೆ. ಫೆಬ್ರವರಿ ದಾಟಿದ ಮೇಲೆ ನೀರು ಸಣ್ಣಗಾಗುತ್ತದೆ. ಆಗ ಕಣಿವೆ ನೋಡಲು ಬನ್ನಿ, ಜಲಪಾತ ನೋಡಲು ಬೇಡ.

ಉಂಬಳ. ನೀವು ಜಿಗಣೆ ಅಂತೀರಿ. ಮಳೆ ನಿಂತ ಮೇಲೂ ಕೆಲವು ದಿನ ಹಸಿ ಎಲೆಯಲ್ಲಿ ಇರುತ್ತದೆ. ಗಾಬರಿ ಬೇಡ. ಎಳೆದು ಕಿತ್ತುಕೊಂಡರೆ ಗಾಯ ಹೆಚ್ಚು ತುರಿಸುತ್ತದೆ. ಉಪ್ಪು ಅಥವಾ ಸುಣ್ಣ ಮುಟ್ಟಿಸಿ, ತಾನೇ ಬಿಡುತ್ತದೆ. ನಮ್ಮಲ್ಲಿ ತೋಟಕ್ಕೆ ಹೋಗುವವರು ಒಂದು ಚಿಕ್ಕ ಬಟ್ಟೆಯಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ.

ಊಟದ ಬಗ್ಗೆ. ಮಾಗೋಡಿನಲ್ಲಿ ಹೋಟೆಲು ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಯಲ್ಲಾಪುರದಲ್ಲೇ ತಿಂದು ಹೊರಡಿ. ಇಲ್ಲವೇ ಬುತ್ತಿ. ಮನೆಗಳಲ್ಲಿ ಊಟ ಹಾಕುವವರಿದ್ದಾರೆ, ಆದರೆ ಹಿಂದಿನ ದಿನವೇ ಹೇಳಬೇಕು. ಸಿಕ್ಕರೆ ಅಪ್ಪೆಹುಳಿ ಕುಡಿಯಿರಿ. ಅದಕ್ಕೆ ಹಾಕುವ ಅಪ್ಪೆಮಿಡಿ ಈ ಬೇಡ್ತಿ, ಅಘನಾಶಿನಿ ದಂಡೆಯ ಕಾಡುಮಾವಿನ ಮರದ್ದು. ಹೊಳೆ ದಂಡೆಯ ಮರದ ಮಿಡಿಗೆ ಬರುವ ವಾಸನೆ ಬೇರೆ ಕಡೆಯ ಮಿಡಿಗೆ ಬರುವುದಿಲ್ಲ.

ವಿದ್ಯಾನಗರ ರೈಡರ್

ನಾವು ಹುಡುಗರು ಬೈಕಿನಲ್ಲಿ ಹೋಗುತ್ತಿದ್ದೇವೆ. ದೂರದಿಂದ ನೋಡಿ ಬರುವುದರಲ್ಲಿ ಏನು ಮಜಾ ಇದೆ? ಕೆಳಗೆ ಇಳಿಯಲು ದಾರಿ ಇದೆಯಂತೆ, ಒಂದು ವಿಡಿಯೋದಲ್ಲಿ ನೋಡಿದೆ. ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ. ಡ್ರೋನ್ ಕೂಡ ತರುತ್ತಿದ್ದೇವೆ.

ಕವಡಿಕೆರೆ ಕಡೆಯವಳು

ತಮ್ಮಾ, ಗೊತ್ತಿದ್ದರೂ ಹೇಳುವುದಿಲ್ಲ. ಸಿಟ್ಟಾಗಬೇಡ, ಕಾರಣ ಕೇಳು.

ಈ ಬಂಡೆಗಳ ಮೇಲೆ ಮಳೆ ನಿಂತು ವಾರಗಟ್ಟಲೆ ಪಾಚಿ ಇರುತ್ತದೆ. ಒಣಗಿದಂತೆ ಕಾಣುತ್ತದೆ, ಕಾಲಿಟ್ಟರೆ ಜಾರುತ್ತದೆ. ಮೇಲೆ ಎಲ್ಲೋ ಕಿರವತ್ತಿ ಕಡೆ ಮಳೆ ಸುರಿದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರುತ್ತದೆ. ಬಿದ್ದರೆ ಮೇಲೆ ತರಲು ಊರಿನವರೇ ಹಗ್ಗ ಹಿಡಿದು ಇಳಿಯಬೇಕು. ತೋಟದ ಕೆಲಸ ಬಿಟ್ಟು, ತಮ್ಮ ಜೀವ ಪಣಕ್ಕಿಟ್ಟು. ಫೋನಿಗೆ ಸಿಗ್ನಲ್ ಇಲ್ಲ. ಆಸ್ಪತ್ರೆಗೆ ಯಲ್ಲಾಪುರಕ್ಕೆ ಓಡಬೇಕು, ದೊಡ್ಡ ಪೆಟ್ಟಾದರೆ ಹುಬ್ಬಳ್ಳಿಗೇ. ನಿನ್ನ ತಾಯಿಗೆ ಆ ಫೋನು ಮಾಡುವ ಕೆಲಸ ನಮ್ಮ ಊರಿನವರಿಗೆ ಕೊಡಬೇಡ.

ಮಂಗಟ್ಟೆ (ಧಾರವಾಡ)

ಡ್ರೋನ್ ಬಗ್ಗೆ ನಾನು ಹೇಳುತ್ತೇನೆ. ಮಾಗೋಡು, ಜೇನುಕಲ್ಲು ಗುಡ್ಡದ ಸುತ್ತಲಿನ ಕಾಡು ಬೇಡ್ತಿ ಸಂರಕ್ಷಿತ ಪ್ರದೇಶ. 2011ರಲ್ಲಿ ಸರ್ಕಾರ ಘೋಷಿಸಿದ್ದು, ಸುಮಾರು 57 ಚದರ ಕಿ.ಮೀ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಹಾಗಿಲ್ಲ.

ಇದನ್ನು ಕಾಪಾಡಲು ದೊಡ್ಡ ಕಾರಣ ಎರಡು. ಒಂದು ಮರದರಿಶಿನ ಅನ್ನೋ ಬಳ್ಳಿ. ಕಾಂಡ ಕೊಯ್ದರೆ ಅರಿಶಿನದ ಬಣ್ಣ. ಔಷಧಿಗೆಂದು ಕೊಯ್ದು ಕೊಯ್ದು ಘಟ್ಟದಲ್ಲೆಲ್ಲ ಅಪರೂಪವಾಗಿದೆ. ಇನ್ನೊಂದು ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್. ಉತ್ತರ ಕನ್ನಡದ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅವುಗಳಲ್ಲಿ ದೊಡ್ಡದು ಹಾರುವಾಗ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ.

ಇವು ಗೂಡು ಮಾಡುವ ರೀತಿ ಕೇಳಿದರೆ ಡ್ರೋನ್ ಯಾಕೆ ಬೇಡ ಅಂತ ತಿಳಿಯುತ್ತದೆ. ಹಳೆಯ ದೊಡ್ಡ ಮರದ ಪೊಟರೆಯೊಳಗೆ ಹೆಣ್ಣು ಹೊಕ್ಕು ಪೊಟರೆಯ ಬಾಯಿಯನ್ನು ಒಳಗಿನಿಂದಲೇ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಣ್ಣ ಸೀಳು ಮಾತ್ರ ಉಳಿಸುತ್ತದೆ. ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿಗಳು ಬಲಿಯುವ ತನಕ ಹಲವು ವಾರ ಹೊರಗೆ ಬರುವುದಿಲ್ಲ. ಅಷ್ಟೂ ದಿನ ಗಂಡು ಹಣ್ಣು ತಂದು ಆ ಸೀಳಿನಿಂದ ತಿನ್ನಿಸುತ್ತದೆ. ಆಲ, ಅತ್ತಿ, ರಾಮಪತ್ರೆ. ಗಂಡು ಹೆದರಿ ಹತ್ತಿರ ಬಾರದಿದ್ದರೆ ಒಳಗಿರುವ ತಾಯಿ-ಮರಿಗಳ ಗತಿ ಏನು? ಗೂಡಿನ ಕಾಲ ಬೇಸಿಗೆಯ ತಿಂಗಳುಗಳು. ಉಳಿದ ಕಾಲದಲ್ಲೂ ಅವು ಇದೇ ಕಣಿವೆಯ ಮೇಲೆ ಹಣ್ಣಿನ ಮರದಿಂದ ಹಣ್ಣಿನ ಮರಕ್ಕೆ ಹಾರುತ್ತಿರುತ್ತವೆ. ಅವು ಹಿಕ್ಕೆಯಲ್ಲಿ ಬಿಡುವ ಬೀಜದಿಂದ ಕಾಡು ಹಬ್ಬುತ್ತದೆ.

ದುರ್ಬೀನು ಇದ್ದರೆ ತನ್ನಿ. ಜೇನುಕಲ್ಲು ಗುಡ್ಡದಲ್ಲಿ ಸಂಜೆ ಐದರ ನಂತರ ಕೆಳಗಿನ ಮರಗಳ ತುದಿ ನೋಡುತ್ತಾ ಕೂತಿರಿ. ಮೇಲಿನಿಂದ ಕೆಳಗೆ ಹಕ್ಕಿ ನೋಡುವ ಜಾಗ ನಮಗೆ ಎಲ್ಲಿ ಸಿಗುತ್ತದೆ? ಹಕ್ಕಿಯ ಬೆನ್ನು ಕಾಣುತ್ತದೆ.

ವಿದ್ಯಾನಗರ ರೈಡರ್

ಸರಿ ಅಕ್ಕಾ, ಸರಿ ಸರ್. ಡ್ರೋನ್ ತರುವುದಿಲ್ಲ. ಇಳಿಯುವ ಮಾತನ್ನೂ ಬಿಟ್ಟೆ. ಆದರೆ ನಮ್ಮಂಥವರಿಗೆ ನೀರಿಗೆ ಇಳಿಯುವ ಆಸೆ ಇದ್ದೇ ಇರುತ್ತದೆ, ಅದಕ್ಕೆ ಎಲ್ಲಿಗೆ ಹೋಗಬೇಕು ಅಂತಾನೂ ಹೇಳಿ.

ಉಣಕಲ್ ದಂಡೆ

ಚಲೋ ಮಾತು ಹೇಳಿದಿರಿ. ಯಲ್ಲಾಪುರದಿಂದ ಇನ್ನೊಂದು ದಿಕ್ಕಿಗೆ ಸುಮಾರು 30 ಕಿ.ಮೀ. ಹೋದರೆ ಸಾತೊಡ್ಡಿ. ಅದು ಕಾಳಿ ಕಡೆಯ ನೀರು, ಕೊಡಸಳ್ಳಿ ಹಿನ್ನೀರಿಗೆ ಸೇರುತ್ತದೆ. ಎತ್ತರ 15 ಮೀಟರ್ ಆಸುಪಾಸು, ಅಗಲವಾಗಿ ಹರಡಿಕೊಂಡು ಬೀಳುತ್ತದೆ. ಹತ್ತಿರದವರೆಗೆ ಕಾಲುದಾರಿಯಲ್ಲಿ ಹೋಗಿ ನೀರಿನ ಹನಿ ಮುಖಕ್ಕೆ ಬೀಳುವಷ್ಟು ಸಮೀಪ ನಿಲ್ಲಬಹುದು. ಅಲ್ಲಿಯೂ ಅರಣ್ಯ ಸಿಬ್ಬಂದಿ ನೀರಿಗೆ ಇಳಿಯಬೇಡಿ ಅಂದ ದಿನ ಇಳಿಯಬೇಡಿ. ಒಂದೇ ದಿನದಲ್ಲಿ ಮಾಗೋಡು, ಸಾತೊಡ್ಡಿ ಎರಡನ್ನೂ ತುರುಕಬೇಡಿ ಅಂತ ನನ್ನ ಸಲಹೆ. ಎರಡೂ ಅರ್ಧಂಬರ್ಧ ಆಗುತ್ತವೆ.

ಗದಗ ಭೂಗೋಳ

ನಾನು ಗದಗ ಜಿಲ್ಲೆಯಲ್ಲಿ ಪ್ರೌಢಶಾಲೆ ಶಿಕ್ಷಕ. ಮಕ್ಕಳನ್ನು ಕ್ರೂಸರ್ ಗಾಡಿ ಮಾಡಿಕೊಂಡು ಮಾಗೋಡಿಗೆ ಕರೆದುಕೊಂಡು ಹೋಗುವವರಲ್ಲಿ ನಾನೂ ಒಬ್ಬ. ಉಣಕಲ್ ದಂಡೆಯವರು ಹೊಳೆಯ ಮೂಲದ ಬಗ್ಗೆ ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ನನಗೆ ಈ ಪ್ರವಾಸದಲ್ಲಿ ಅತಿ ಇಷ್ಟವಾದ ಪಾಠ ಇದೇ.

ಹುಬ್ಬಳ್ಳಿ-ಧಾರವಾಡ ಇರುವುದು ಮನೆಯ ಮಾಡಿನ ಬೆನ್ನಿನಂಥ ಜಾಗದಲ್ಲಿ. ಈಚೆ ಇಳಿಜಾರಿಗೆ ಬಿದ್ದ ಮಳೆ ಬೆಣ್ಣಿಹಳ್ಳಕ್ಕೆ ಹೋಗುತ್ತದೆ. ಬೆಣ್ಣಿಹಳ್ಳ ನವಲಗುಂದ, ರೋಣದ ಎರೆ ಹೊಲಗಳ ನಡುವೆ ಹರಿದು ಮಲಪ್ರಭೆ ಸೇರುತ್ತದೆ, ಅಲ್ಲಿಂದ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಆಚೆ ಇಳಿಜಾರಿಗೆ ಬಿದ್ದ ಮಳೆ ಬೇಡ್ತಿಗೆ ಹೋಗಿ ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಮೋಡ, ಒಂದೇ ಊರು, ಎರಡು ಸಮುದ್ರ. ನಮ್ಮ ಗದಗಿನ ಮಕ್ಕಳು ಬೆಣ್ಣಿಹಳ್ಳದ ಪ್ರವಾಹ ನೋಡಿ ಬೆಳೆದವರು. ಅದರ ಅಣ್ಣತಮ್ಮ ಇಲ್ಲಿ ಹೀಗೆ ಬೀಳುತ್ತಾನೆ ಅಂತ ತೋರಿಸಿದಾಗ ಅವರ ಮುಖ ನೋಡಬೇಕು.

ಕಣಿವೆ ಯಾಕೆ ಇಷ್ಟು ಆಳ? ಪೂರ್ವಕ್ಕೆ ಹರಿಯುವ ನದಿಗೆ ಸಮುದ್ರ ಮುಟ್ಟಲು ನೂರಾರು ಕಿ.ಮೀ. ಇರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಬೇಡ್ತಿಯ ಪೂರ್ತಿ ಉದ್ದವೇ ಸುಮಾರು 160 ಕಿ.ಮೀ. ಮೊದಲರ್ಧ ದಾರಿ ಬಯಲಿನಲ್ಲಿ ಸಾವಕಾಶ ಹರಿದು, ಘಟ್ಟದ ಅಂಚಿಗೆ ಬಂದಾಗ ಒಮ್ಮೆಲೇ ಇಳಿಯಬೇಕು. ಹಾಗೆ ಇಳಿಯುವ ನೀರಿಗೆ ಬಂಡೆ ಕೊರೆಯುವ ಬಲ ಹೆಚ್ಚು. ಲಕ್ಷಾಂತರ ವರ್ಷ ಕೊರೆಯುತ್ತಾ ಜಲಪಾತವೂ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯುತ್ತದೆ. ಕೆಳಗೆ ಉಳಿದ ಕಂದರವೇ ನಾವು ನೋಡುವ ಕಣಿವೆ.

ನೀರಿನ ಲೆಕ್ಕವೂ ಹೀಗೇ. ಧಾರವಾಡದ ಕಡೆ ವರ್ಷಕ್ಕೆ ಬೀಳುವುದು ಸುಮಾರು 80 ಸೆಂ.ಮೀ. ಮಳೆ. ಯಲ್ಲಾಪುರದಲ್ಲಿ ಅದರ ಮೂರು ಪಟ್ಟಿನ ಹತ್ತಿರ. ಮಳೆಗಾಲದ ಭರಾಟೆ ಬಹುಪಾಲು ಕಾಡಿನ ಕೊಡುಗೆ. ಮಳೆ ನಿಂತ ಮೇಲೂ ಡಿಸೆಂಬರ್ ತನಕ ಹೊಳೆಗೆ ಜೀವ ಇರುವುದೂ ಅದೇ ಕಾಡು ನೆಲದಲ್ಲಿ ಹಿಡಿದಿಟ್ಟುಕೊಂಡ ನೀರಿನಿಂದ.

ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಒಂದು ಮಾತು: ಹೋಗುವಾಗ ಮೊದಲು ಸೋಮೇಶ್ವರಕ್ಕೆ ಹೋಗಿ. ಗುಡಿ ಹತ್ತಿರದ ಆ ಸಣ್ಣ ನೀರನ್ನು ಮಕ್ಕಳು ಕೈಯಿಂದ ಮುಟ್ಟಲಿ. ಮಧ್ಯಾಹ್ನ ಅದೇ ನೀರನ್ನು ಮಾಗೋಡಿನಲ್ಲಿ ನೋಡಲಿ. ನಕಾಶೆಯಲ್ಲಿ ಗೆರೆ ಎಳೆದು ಎಷ್ಟು ಹೇಳಿದರೂ ಇದರ ಸಮಕ್ಕೆ ಬರುವುದಿಲ್ಲ.

ಬಿಡನಾಳ ಹೊಲ

ಎಲ್ಲರೂ ಚೆಂದ ಚೆಂದ ಬರೆದಿದ್ದೀರಿ. ಸೋಮೇಶ್ವರದ ನೀರು ಮುಟ್ಟಿ ಅಂದಿರಿ, ಸರಿ. ಹುಬ್ಬಳ್ಳಿಯಿಂದ ಇಳಿಯುವ ಹಳ್ಳವನ್ನು ಯಾರು ಮುಟ್ಟುತ್ತಾರೆ? ನಾವು ಮುಟ್ಟುತ್ತೇವೆ. ನಮ್ಮ ಹೊಲ ನಾಲಾ ದಂಡೆಯಲ್ಲಿದೆ.

ಊರಿನ ಗಟಾರದ ನೀರೆಲ್ಲ ಈ ನಾಲಾಕ್ಕೆ. ನಮ್ಮ ಕಡೆ ಗಬ್ಬೂರ, ಕಟನೂರ ತನಕ ರೈತರು ಅದಕ್ಕೇ ಪಂಪು ಇಟ್ಟು ಕಾಯಿಪಲ್ಲೆ ಬೆಳೆಯುತ್ತಾರೆ. ವರ್ಷ ಪೂರ್ತಿ ನೀರು ಇರುತ್ತದೆ, ಬೇರೆ ದಾರಿ ಇಲ್ಲ. ರಂಟೆ ಹೊಡೆಯುವ ಮುಂಚೆ ನಮ್ಮ ಮೊದಲ ಕೆಲಸ ಏನು ಗೊತ್ತಾ? ನೀರಿನ ಜೊತೆ ಹೊಲಕ್ಕೆ ಬಂದ ಪ್ಲಾಸ್ಟಿಕ್ ಆರಿಸುವುದು. ಹಾಲಿನ ಪಾಕೀಟು, ಗುಟ್ಕಾ ಚೀಟಿ, ಶಾಂಪೂ ಚೀಟಿ, ಚಪ್ಪಲಿ ಅಟ್ಟೆ, ಕೆಲವು ಸಲ ಇಂಜೆಕ್ಷನ್ ಸೂಜಿ. ಬದುವಿನ ಮೇಲೆ ರಾಶಿ ಹಾಕುತ್ತೇವೆ. ದೊಡ್ಡ ಮಳೆ ಬಂದರೆ ಆ ರಾಶಿಯೂ ಮತ್ತೆ ಹಳ್ಳಕ್ಕೆ. ಅದು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ನೀವೇ ಈಗ ಹೇಳಿದಿರಿ.

ಜಲಪಾತದ ಹತ್ತಿರ ಚಿಪ್ಸ್ ಪಾಕೀಟು ಎಸೆಯಬೇಡಿ ಅನ್ನೋ ಬೋರ್ಡು ಹಾಕುತ್ತಾರೆ. ಆ ಬೋರ್ಡು ಹುಬ್ಬಳ್ಳಿಯ ಪ್ರತಿ ಗಟಾರದ ಬಾಯಿಗೂ ಬೇಕು.

ಉಣಕಲ್ ದಂಡೆ

ಯಜಮಾನ್ರೇ, ನಾನು ಹೇಳಬೇಕೆಂದಿದ್ದನ್ನು ನೀವು ನನಗಿಂತ ನೇರವಾಗಿ ಹೇಳಿದಿರಿ. ನಿಮ್ಮ ಬದುವಿನ ರಾಶಿಯ ಮಾತು ಓದಿ ಕೈ ಕಟ್ಟಿದಂತಾಯಿತು.

ಉಣಕಲ್ ಕೆರೆಯಿಂದ ಹೊರಟು ಊರಿನ ನಡುವೆ ಹಾದು ಹೋಗುವ ನಾಲಾ ಪಕ್ಕದಲ್ಲೇ ನಮ್ಮ ಮನೆ. ಬೆಳಿಗ್ಗೆ ಸ್ಕೂಟರ್ ನಿಲ್ಲಿಸಿ ಸೇತುವೆಯಿಂದ ಕಸದ ಚೀಲ ಕೆಳಗೆ ಬಿಡುವವರನ್ನು ನಾನು ನೋಡುತ್ತಿರುತ್ತೇನೆ. ಓದಿದವರು, ಒಳ್ಳೆಯ ಮನೆಯವರು. ಕಸದ ಗಾಡಿ ಬಂದೇ ಬರುತ್ತದೆ, ಆದರೂ. ಅದೇ ಜನ ರಜೆಯಲ್ಲಿ ಮಾಗೋಡಿಗೆ ಹೋಗಿ ಎಷ್ಟು ಚೆಂದ ಅಂತ ಫೋಟೋ ಹಾಕುತ್ತಾರೆ. ಅವರು ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಎರಡೂ ಒಂದೇ ಹೊಳೆ ಅಂತ ಅವರಿಗೆ ಯಾರೂ ತೋರಿಸಿಲ್ಲ. ಅದಕ್ಕೇ ಗದಗಿನ ಮಾಸ್ತರರು ಮಾಡುವ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ.

ನಾವು ಕೆಲವರು ಓಣಿಯಲ್ಲಿ ಸೇರಿ ಸೇತುವೆಗೆ ಜಾಳಿಗೆ ಹಾಕಿಸಬೇಕು ಅಂತ ವಾರ್ಡಿನಲ್ಲಿ ಕೇಳುತ್ತಿದ್ದೇವೆ. ಗಟ್ಟಿ ಕಬ್ಬಿಣದ ಜಾಳಿಗೆ, ಆಳೆತ್ತರಕ್ಕಿಂತ ಮೇಲೆ. ಕೈ ಎತ್ತಿ ಎಸೆಯುವ ಮುಂಚೆ ಒಂದು ಕ್ಷಣ ಯೋಚನೆ ಬರಲಿ ಅಂತ. ನಿಮ್ಮ ನಿಮ್ಮ ವಾರ್ಡಿನಲ್ಲೂ ಕೇಳಿ.

ವರದಾ ಸೀಮೆ (ಹಾವೇರಿ)

ಹೊಳೆ ಹರಿದು ಸಮುದ್ರ ಸೇರುವುದನ್ನು ನೀವೆಲ್ಲ ಹಬ್ಬದಂತೆ ಬರೆಯುತ್ತಿದ್ದೀರಿ. ನಾನು ಹಾವೇರಿ ತಾಲೂಕಿನ ರೈತನ ಮಗ. ನಮ್ಮ ಕಡೆ ಬೇಡ್ತಿ ಅಂದರೆ ಇನ್ನೊಂದು ಮಾತು ನೆನಪಾಗುತ್ತದೆ. ಬೇಡ್ತಿ-ವರದಾ ಜೋಡಣೆ. ವರದೆ ಮಳೆಗಾಲದಲ್ಲಿ ದಂಡೆ ಮೀರಿ ಹೊಲಕ್ಕೆ ನುಗ್ಗುತ್ತಾಳೆ. ಬೇಸಿಗೆಯಲ್ಲಿ ಬರೀ ಮರಳು. ಕುಡಿಯುವ ನೀರಿಗೂ ಪರದಾಟ. ಬೇಡ್ತಿಯ ನೀರು ಸ್ವಲ್ಪ ಈಚೆ ತಿರುಗಿದರೆ ಹಾವೇರಿ, ಗದಗಿನ ಎಷ್ಟು ಮನೆ ನೆಟ್ಟಗಾಗುತ್ತವೆ! ಜಲಪಾತ ನೋಡುವವರ ಕಣ್ಣು ತಂಪಾಗಲಿ ಅಂತ ನಮ್ಮ ಹೊಲ ಒಣಗಬೇಕಾ? ಬೇಸರದಿಂದ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಕವಡಿಕೆರೆ ಕಡೆಯವಳು

ಅಣ್ಣಾ, ನೀವು ಕೇಳಿದ್ದು ಸರಿ. ಬಾಯಾರಿದವರ ಮಾತನ್ನು ಯಾರೂ ತಳ್ಳಿಹಾಕಬಾರದು. ನಮ್ಮ ಕಡೆಯ ಮಾತನ್ನೂ ಕೇಳಿ.

ಆ ಯೋಜನೆ ಅಂದರೆ ಬೇಡ್ತಿಗೆ ಸೇರುವ ಪಟ್ಟಣದ ಹಳ್ಳ, ಶಾಲ್ಮಲಾ ಹಳ್ಳಗಳಿಗೆ (ಇದು ಶಿರಸಿ ಕಡೆಯದು, ಧಾರವಾಡದ ಶಾಲ್ಮಲೆ ಅಲ್ಲ) ಅಣೆಕಟ್ಟು ಕಟ್ಟುವುದು. ನೀರನ್ನು ಪಂಪಿನಿಂದ ಎತ್ತಿ, ಸುರಂಗ ಕೊರೆದು ವರದೆಯ ಕಡೆ ದಾಟಿಸುವುದು. ಇಲ್ಲಿನ ಗುಡ್ಡಗಳು ಈಗಲೇ ಸಡಿಲ. 2021ರ ಜುಲೈ ಮಳೆಯಲ್ಲಿ ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಎಲ್ಲ ಹೋಯಿತು. ಅದೇ ಮಳೆಗೆ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆಯೇ ಕೊಚ್ಚಿಹೋಯಿತು. ಇಂಥ ಕಡೆ ಇನ್ನಷ್ಟು ಕೊರೆದರೆ ಏನಾಗುತ್ತದೆ ಅನ್ನೋ ಭಯ ನಮಗೆ ದಿನಾ ಇರುತ್ತದೆ. ಕೆಳಗೆ ಅಂಕೋಲಾ ಕಡೆ ಸಿಹಿನೀರು ಕಡಿಮೆಯಾದರೆ ಸಮುದ್ರದ ಉಪ್ಪುನೀರು ಹೊಳೆಯಲ್ಲಿ ಮೇಲಕ್ಕೇರುತ್ತದೆ. ದಂಡೆಯ ಗದ್ದೆ, ಬಾವಿ, ಮೀನು ಹಿಡಿಯುವವರು ಎಲ್ಲರಿಗೂ ತಟ್ಟುತ್ತದೆ.

ಇದು ನಮಗೆ ಹೊಸತಲ್ಲ. ಹಿಂದೆ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಇಲ್ಲಿನ ರೈತರು ಸುಮ್ಮನೆ ಬೇಡ ಅನ್ನಲಿಲ್ಲ. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿದರು. ಏನು ಮುಳುಗುತ್ತದೆ, ಏನು ಸಿಗುತ್ತದೆ ಅಂತ ಲೆಕ್ಕ ಹಾಕಿಸಿದರು. ಶಿವರಾಮ ಕಾರಂತರೂ ಆ ಹೋರಾಟದ ಜೊತೆ ನಿಂತರು. ಯೋಜನೆ ನಿಂತಿತು. ಇವತ್ತು ನೀವು ಮಾಗೋಡು ನೋಡಲು ಬರುತ್ತಿದ್ದೀರಿ ಅಂದರೆ ಅದರ ಹಿಂದೆ ಅವರ ಓಡಾಟ ಇದೆ.

ಉಣಕಲ್ ದಂಡೆ

ವರದಾ ಸೀಮೆಯವರೇ, ನನ್ನ ಅಭಿಪ್ರಾಯ ಹೇಳುತ್ತೇನೆ. ಬೇಡ್ತಿ ಕಾಡು ಉಳಿಯಬೇಕು, ಯೋಜನೆ ಬೇಡ. ಹಾಗಂತ ನಿಮ್ಮ ಕಷ್ಟ ಸಣ್ಣದು ಅಂತ ನಾನು ಹೇಳುವುದಿಲ್ಲ. ನಿಮ್ಮದು ಕೆರೆಗಳ ಜಿಲ್ಲೆ. ಹಾನಗಲ್ಲ ಒಂದೇ ತಾಲೂಕಿನಲ್ಲಿ ನೂರಾರು ಕೆರೆಗಳಿವೆ. ಅವುಗಳ ಹೂಳು ತೆಗೆದು, ಕಾಲುವೆ ಬಿಡಿಸಿ, ವರದೆಯ ಮಳೆಗಾಲದ ನೀರನ್ನೇ ಮೊದಲು ತುಂಬಿಸಬೇಕು. ಅದು ಮಾಡದೆ ಇನ್ನೊಂದು ಕಣಿವೆ ಕೊರೆಯುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಒಪ್ಪದಿದ್ದರೆ ಹೇಳಿ.

ವರದಾ ಸೀಮೆ

ಪೂರ್ತಿ ಒಪ್ಪುವುದಿಲ್ಲ. ಕೆರೆ ತುಂಬಿಸುವ ಯೋಜನೆಗಳ ಬಗ್ಗೆ ನಾವು ಭಾಷಣ ಕೇಳಿ ಕೇಳಿ ಸಾಕಾಗಿದ್ದೇವೆ. ಪೈಪು ಹಾಕುತ್ತಾರೆ, ನೀರು ಬರುವುದಿಲ್ಲ. ಆದರೆ ಕಳಚೆಯ ವಿಷಯ ನನಗೆ ಇಷ್ಟು ವಿವರವಾಗಿ ಗೊತ್ತಿರಲಿಲ್ಲ. ಈ ಸಲ ಮುಂಡಗೋಡ ಮೇಲೆ ಯಲ್ಲಾಪುರಕ್ಕೆ ಬಂದು ನೋಡುತ್ತೇನೆ. ನೋಡಿದ ಮೇಲೆ ಮತ್ತೆ ಮಾತಾಡೋಣ.

ನಮ್ಮ ಕಡೆಗೂ ಬನ್ನಿ. ರಟ್ಟೀಹಳ್ಳಿ ತಾಲೂಕಿನ ಮದಗ ಮಾಸೂರು ಕೆರೆ ನೋಡಿ. ಎರಡು ಗುಡ್ಡಗಳ ನಡುವೆ ಕುಮದ್ವತಿಗೆ ಒಡ್ಡು ಹಾಕಿ ವಿಜಯನಗರದ ಕಾಲದಲ್ಲಿ ಕಟ್ಟಿದ್ದು. ಕೆರೆ ತುಂಬಿದಾಗ ಬಂಡೆಗಳ ಮೇಲೆ ನೀರು ಇಳಿಯುವುದು ಚೆಂದ. ಅಂಥ ಕೆರೆ ಕಟ್ಟಿದ ಊರಿನವರು ನಾವು, ನೀರಿಗೆ ಇಷ್ಟು ಒದ್ದಾಡುತ್ತಿದ್ದೇವೆ.

ಮಂಗಟ್ಟೆ

ಮುಂಡಗೋಡ ಮೇಲೆ ಬರುವುದಾದರೆ ಅತ್ತಿವೇರಿ ಪಕ್ಷಿಧಾಮ ಬಿಡಬೇಡಿ ಸರ್. ಚಳಿಗಾಲದಲ್ಲಿ ನೀರಹಕ್ಕಿಗಳು ಚೆನ್ನಾಗಿ ಸಿಗುತ್ತವೆ. ಬೆಳಿಗ್ಗೆ ಬೇಗ ಅಲ್ಲಿ, ಸಂಜೆ ಜೇನುಕಲ್ಲು ಗುಡ್ಡ, ಒಳ್ಳೆ ದಿನ ಆಗುತ್ತದೆ.

ಕಲಘಟಗಿ ತೊಟ್ಟಿಲು

ಹೋಗಿ ಬಂದೆವು! ಅತ್ತೆಯವರೂ ಬಂದರು. ಮೆಟ್ಟಿಲಿನ ಹತ್ತಿರ ಇಬ್ಬರು ಕೈ ಹಿಡಿದುಕೊಂಡೆವು, ಅಷ್ಟೇ. ಕಂಬಿ ಹಿಡಿದು ನಿಂತವರು ಅಲುಗಾಡಲಿಲ್ಲ. "ಇದು ನಮ್ಮ ಹಳ್ಳದ ನೀರಾ?" ಅಂತ ಮತ್ತೆ ಮತ್ತೆ ಕೇಳಿದರು. ಅವರ ತವರು ಬೇಡ್ತಿ ಹಳ್ಳದ ದಂಡೆ. ಹುಡುಗಿಯಾಗಿದ್ದಾಗ ಆ ನೀರಲ್ಲೇ ಬಟ್ಟೆ ಒಗೆದು, ದನ ತೊಳೆದು ಬೆಳೆದವರು. ಅದು ಎಲ್ಲಿಗೆ ಹೋಗುತ್ತದೆ ಅಂತ ಇಷ್ಟು ವರ್ಷ ಯಾರೂ ಅವರಿಗೆ ಹೇಳಿರಲಿಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನೋಟ ಸ್ಪಷ್ಟವಾಗಿತ್ತು, ಬೆಳಿಗ್ಗೆ ಹೋದವರಿಗೆ ಇನ್ನೂ ಮಂಜಿತ್ತಂತೆ. ಕಂಬಿಯ ಆಚೆ ಇಳಿಜಾರಿನಲ್ಲಿ ನೀರಿನ ಬಾಟಲಿ, ಬಿಸ್ಕೀಟಿನ ಚೀಟಿ ಬಹಳ ಬಿದ್ದಿದ್ದವು. ಕೈಗೆ ಸಿಗುವಷ್ಟನ್ನು ನಮ್ಮ ಮಕ್ಕಳು ಒಂದು ಗೋಣಿಚೀಲಕ್ಕೆ ತುಂಬಿದರು. ಕಂಬಿ ದಾಟಬಾರದು ಅಂತ ಮೊದಲೇ ಹೇಳಿದ್ದೆ. ಚೀಲ ಅಲ್ಲಿ ಬಿಡದೆ ಡಿಕ್ಕಿಯಲ್ಲಿಟ್ಟು ಊರಿಗೆ ತಂದೆವು.

ಇನ್ನೊಂದು. ಜೇನುಕಲ್ಲು ಗುಡ್ಡದಿಂದ ಕತ್ತಲಾದ ಮೇಲೆ ಹೊರಟರೆ ಯಲ್ಲಾಪುರದ ತನಕ ಸಣ್ಣ ರಸ್ತೆ, ತಿರುವು ಜಾಸ್ತಿ, ದನಗಳು ರಸ್ತೆ ಮೇಲೇ ಮಲಗಿರುತ್ತವೆ. ಗಾಡಿ ಓಡಿಸುವವರು ನಿಧಾನ.

ವಿದ್ಯಾನಗರ ರೈಡರ್

ಅಕ್ಕಾ, ನಾವು ಬರುವ ಭಾನುವಾರ ಹೋಗುತ್ತಿದ್ದೇವೆ. ಗೋಣಿಚೀಲ ನಾವೂ ತರುತ್ತೇವೆ. ಬೈಕಿನಲ್ಲಿ ಚೀಲ ಕಟ್ಟಿಕೊಂಡು ಬರುವುದು ಕಷ್ಟ. ಯಲ್ಲಾಪುರದಲ್ಲಿ ಎಲ್ಲಿ ಕೊಡಬಹುದು?

ಕವಡಿಕೆರೆ ಕಡೆಯವಳು

ಮಾಗೋಡಿನಲ್ಲಿ ಅರಣ್ಯದವರು ಅಥವಾ ಗ್ರಾಮ ಅರಣ್ಯ ಸಮಿತಿಯವರು ಯಾರಾದರೂ ಇದ್ದರೆ ಮೊದಲು ಅವರನ್ನು ಕೇಳು ತಮ್ಮಾ. ಅವರು ತೆಗೆದುಕೊಳ್ಳದಿದ್ದರೆ ಯಲ್ಲಾಪುರಕ್ಕೆ ತಂದು ಪಟ್ಟಣ ಪಂಚಾಯಿತಿಯ ಕಸದ ಗಾಡಿಗೆ ಕೊಡಬೇಕು. ಭಾನುವಾರ ಗಾಡಿ ಬೆಳಿಗ್ಗೆಯೇ ಮುಗಿಸುತ್ತದೆ, ಸಂಜೆ ಸಿಗುವುದಿಲ್ಲ. ಆಗ ನಮ್ಮ ಅಣ್ಣನ ಮನೆಯಲ್ಲಿ ಇಟ್ಟು ಹೋಗು, ಸೋಮವಾರ ಅವನೇ ಗಾಡಿಗೆ ಹಾಕುತ್ತಾನೆ. ನನಗೆ ಸಂದೇಶ ಕಳಿಸು, ವಿಳಾಸ ಕೊಡುತ್ತೇನೆ. ಗಾಜು ಬೇರೆ, ಪ್ಲಾಸ್ಟಿಕ್ ಬೇರೆ ಕಟ್ಟಿಕೊಂಡು ಬಾ.